ತಟ್ಟೆಯಂಚಿನಲ್ಲಿ ಉಳಿದ ಗುಲಾಬಿಗಳು

ಗೆಳತಿಯೊಬ್ಬಳ ಮದುವೆಯ 25ನೆಯ ವಾರ್ಷಿಕೋತ್ಸವಕ್ಕೆಂದು ನಾನು ಮಾಡಿದ ಮೂರು ಅಂತಸ್ತಿನ ಕೇಕಿನ ಮೇಲೆ 42 ಸಕ್ಕರೆ ಗುಲಾಬಿಗಳಿದ್ದವು. ಅಂಟುಪುಡಿ ಬೆರೆಸಿ ನಾದಿದ ಸಕ್ಕರೆಯ ಕಣಕವನ್ನು, ಕೆಳಗಿಟ್ಟ ಕಾಗದದ ಅಕ್ಷರ ಕಾಣುವಷ್ಟು ತೆಳ್ಳಗೆ ಲಟ್ಟಿಸಬೇಕು. ಎಸಳುಗಳನ್ನು ಕತ್ತರಿಸಿ, ಗುಂಡುತಲೆಯ ಕಡ್ಡಿಯಿಂದ ಒಂದೊಂದರ ಅಂಚನ್ನೂ ಒತ್ತಿ ಬಳುಕು ತರಿಸಬೇಕು. ಒಳಗಿನ ಮೊಗ್ಗು ಒಂದು ರಾತ್ರಿಯೆಲ್ಲ ಒಣಗಿದ ಮೇಲೆ ಅದರ ಸುತ್ತ ಮೊದಲು ಮೂರು, ಆಮೇಲೆ ಐದು, ಆಮೇಲೆ ಏಳು ಎಸಳುಗಳನ್ನು ಒಂದರ ಮಗ್ಗುಲಿಗೆ ಇನ್ನೊಂದನ್ನು ಸಿಕ್ಕಿಸುತ್ತ ಅಂಟಿಸಬೇಕು. ಹೂವೊಂದಕ್ಕೆ ಮುಕ್ಕಾಲು ಗಂಟೆಯೆಂದು ಲೆಕ್ಕ ಹಾಕಿದರೂ ಮೂವತ್ತು ಗಂಟೆ ದಾಟುತ್ತದೆ. ಮೂರು ವಾರಗಳ ಸಂಜೆಗಳನ್ನು ನಾನು ಆ ಗುಲಾಬಿಗಳಿಗೆ ಕೊಟ್ಟಿದ್ದೆ, ಕೊಟ್ಟದ್ದಕ್ಕೆ ಸಂತೋಷವೂ ಇತ್ತು.

ಬಂದವರೆಲ್ಲ ಕೇಕಿನ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು. ಕೆಲವರು ನಿಜವಾದ ಹೂವೇ ಇರಬೇಕೆಂದು ಎಸಳಿನ ತುದಿಯನ್ನು ಮುಟ್ಟಿ ನೋಡಿದರು. ಅತಿಥಿಗಳು ಹೊರಟುಹೋದ ಮೇಲೆ, ಗೆಳತಿಯ ಕೈಗೆ ನೆರವಾಗೋಣವೆಂದು ತಟ್ಟೆಗಳನ್ನು ಒಟ್ಟುಮಾಡಲು ಹೋದೆ. ಹೆಚ್ಚುಕಡಿಮೆ ಪ್ರತಿಯೊಂದು ತಟ್ಟೆಯ ಅಂಚಿನಲ್ಲೂ ಒಂದೋ ಒಂದು ಗುಲಾಬಿ, ಇಲ್ಲವೇ ಹಣ್ಣಿನ ಸಿಪ್ಪೆಯಂತೆ ಸುಲಿದು ಬದಿಗಿಟ್ಟ ಫಾಂಡೆಂಟಿನ, ಅಂದರೆ ಕೇಕಿಗೆ ಹೊದಿಸುವ ಸಕ್ಕರೆ ಕಣಕದ, ದಪ್ಪ ಪದರ. ಯಾರೂ ಅವಮಾನ ಮಾಡಬೇಕೆಂದು ಹಾಗೆ ಮಾಡಿದವರಲ್ಲ. ಒಣಗಿದ ಸಕ್ಕರೆಯ ಹೂವು ಹಲ್ಲಿಗೆ ಕಲ್ಲಿನಂತೆ ಸಿಗುತ್ತದೆ, ಫಾಂಡೆಂಟ್ ಬಾಯಿಯಲ್ಲಿ ಕರಗದೆ ಬರೀ ಸಿಹಿಯ ಅಂಟಾಗಿ ಉಳಿಯುತ್ತದೆ. ಅವರು ತಿನ್ನಲು ಬರುವುದನ್ನು ತಿಂದರು, ಬಾರದ್ದನ್ನು ಬಿಟ್ಟರು. ಆದರೆ ನನ್ನ ಮೂವತ್ತು ಗಂಟೆಗಳನ್ನು ನಾನೇ ಒಂದು ಪಾತ್ರೆಗೆ ಕೆರೆದು ಹಾಕುತ್ತಿದ್ದಾಗ ಮನಸ್ಸಿಗೆ ಬಂದ ಪ್ರಶ್ನೆ ಇವತ್ತಿನವರೆಗೂ ಬಿಟ್ಟಿಲ್ಲ. ನಮ್ಮವರ ಸಂಭ್ರಮಕ್ಕೆಂದು, ಅವರಿಗಾಗಿಯೇ ಎಂದು ಹೇಳಿಕೊಂಡು ಕೇಕ್ ಮಾಡುತ್ತೇವಲ್ಲ, ಆ 'ಅವರಿಗಾಗಿ' ಎಂಬುದು ಕೇಕಿನಲ್ಲಿ ಎಲ್ಲಿರುತ್ತದೆ? ಗುಲಾಬಿಗಳಲ್ಲಂತೂ ಇರಲಿಲ್ಲ. ಗೆಳತಿ ಗುಲಾಬಿಯನ್ನು ಕೇಳಿಯೇ ಇರಲಿಲ್ಲ. ಗುಲಾಬಿ ಮಾಡುವುದನ್ನು ಆಗಷ್ಟೇ ಕಲಿತಿದ್ದವಳು ನಾನು.

ನೀಲಿ ಬೆಕ್ಕು

ಈ ಪ್ರಶ್ನೆಯ ಬೇರನ್ನು ಹುಡುಕಿದರೆ ಅದು ಇನ್ನೂ ಹಿಂದಕ್ಕೆ, ಅಣ್ಣನ ಮಗಳ ಐದನೆಯ ಹುಟ್ಟುಹಬ್ಬದವರೆಗೆ ಹೋಗುತ್ತದೆ. ತನಗೆ ಬೆಕ್ಕಿನ ಕೇಕ್ ಬೇಕೆಂದು ಅವಳು ಒಂದು ಚಿತ್ರ ಬರೆದು ಕೊಟ್ಟಿದ್ದಳು. ಹಾಳೆಯ ನಡುವೆ ನೀಲಿ ಬಣ್ಣದ ಪುಟ್ಟ ಬೆಕ್ಕು, ಅದರ ಹಿಂಭಾಗದಿಂದ ಹೊರಟ ಬಾಲ ಹಾಳೆಯ ನಾಲ್ಕೂ ಅಂಚುಗಳನ್ನು ಸುತ್ತು ಹಾಕಿ ಮತ್ತೆ ಬೆಕ್ಕಿನ ಮೂಗಿನ ಹತ್ತಿರ ಬಂದು ನಿಂತಿತ್ತು. ಚಿತ್ರವನ್ನು ನೋಡಿ ನಾವೆಲ್ಲ ಮುದ್ದುಮಾಡಿದೆವು. ಆಮೇಲೆ ನಾನು ಅದನ್ನು ಬದಿಗಿಟ್ಟು, ಬೆಕ್ಕಿನ ಫೋಟೊಗಳನ್ನು ಮುಂದಿಟ್ಟುಕೊಂಡು ಕುಳಿತೆ. ಫಾಂಡೆಂಟ್ ಬೇಗ ಬಿಗಿಯಾಗಲೆಂದು ಸಿ.ಎಂ.ಸಿ. ಎಂಬ ಅಂಟುಪುಡಿ ಸೇರಿಸಿ, ಬೂದುಬಣ್ಣದ ಬೆಕ್ಕೊಂದನ್ನು ತಿದ್ದಿದೆ. ಕಿವಿಯ ಒಳಗಿನ ನಸುಗೆಂಪು, ಪಂಜದ ಗೆರೆಗಳು, ಹಲ್ಲುಕಡ್ಡಿಯ ಮೊನೆಯಿಂದ ಕೊರೆದ ರೋಮದ ಗುರುತು, ಎಲ್ಲವೂ ಬಂದವು. ನೀಲಿಯನ್ನು ಮರೆಯಲಿಲ್ಲವೆಂದು ತೋರಿಸಲು ಕೊರಳಿಗೆ ಒಂದು ನೀಲಿ ಪಟ್ಟಿ ಕಟ್ಟಿದೆ. ಉದ್ದ ಬಾಲ ಮುರಿದುಬಿಡುತ್ತದೆ ಎಂಬ ಭಯದಿಂದ ಅದನ್ನು ಗಿಡ್ಡ ಮಾಡಿ ಮೈಗೆ ಅಂಟಿಸಿದೆ.

ಕೇಕನ್ನು ಮೇಜಿನ ಮೇಲಿಟ್ಟಾಗ ದೊಡ್ಡವರೆಲ್ಲ ಉದ್ಗಾರ ತೆಗೆದರು. ಹುಡುಗಿ ಮಾತ್ರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ನನ್ನ ಹತ್ತಿರ ಬಂದು, ನನಗಷ್ಟೇ ಕೇಳಿಸುವಂತೆ ಹೇಳಿದಳು: "ಅತ್ತೆ, ಇದು ತುಂಬಾ ಚೆನ್ನಾಗಿದೆ. ನನ್ನ ಬೆಕ್ಕು ಯಾವಾಗ ಬರುತ್ತೆ?"

ಆ ಮಾತಿನಲ್ಲಿ ದೂರಿರಲಿಲ್ಲ, ಹಟವಿರಲಿಲ್ಲ. ಇದು ಬೇರೆ ಯಾರದೋ ಕೇಕು, ತನ್ನದು ಇನ್ನೂ ದಾರಿಯಲ್ಲಿದೆ ಎಂದೇ ಅವಳು ಪ್ರಾಮಾಣಿಕವಾಗಿ ನಂಬಿದ್ದಳು. ಆ ರಾತ್ರಿ ಅವಳ ಚಿತ್ರವನ್ನು ಮತ್ತೆ ಬಿಡಿಸಿ ನೋಡಿದಾಗಲೇ ನನಗೆ ಹೊಳೆದದ್ದು: ನಾನು ಅಸಾಧ್ಯವೆಂದು ಬಿಟ್ಟ ಬಾಲವನ್ನು ಹೇಗೆ ಮಾಡಬೇಕೆಂಬುದನ್ನು ಆ ಚಿತ್ರವೇ ಹೇಳಿಕೊಟ್ಟಿತ್ತು. ಬಾಲ ಬೆಕ್ಕಿನಿಂದ ಹೊರಗೆ ಗಾಳಿಯಲ್ಲಿ ನಿಲ್ಲಬೇಕಿರಲಿಲ್ಲ. ಹಾಳೆಯ ಅಂಚನ್ನು ಸುತ್ತಿದಂತೆ ಅದು ಕೇಕಿನ ಬದಿಯನ್ನು ಸುತ್ತಿ ಬರಬೇಕಿತ್ತು. 6 ಇಂಚಿನ ಕೇಕಿನ ಸುತ್ತಳತೆ ಸುಮಾರು 48 ಸೆಂಟಿಮೀಟರ್. ಕ್ರೀಮು ಹಿಂಡುವ ಪೈಪಿಂಗ್ ಬ್ಯಾಗಿನಲ್ಲಿ ನೀಲಿ ಬಟರ್‌ಕ್ರೀಮ್, ಅಂದರೆ ಬೆಣ್ಣೆ ಸಕ್ಕರೆಯ ಕ್ರೀಮು, ತುಂಬಿ, ಟರ್ನ್‌ಟೇಬಲನ್ನು ನಿಧಾನವಾಗಿ ತಿರುಗಿಸಿದ್ದರೆ ಹತ್ತು ನಿಮಿಷದ ಕೆಲಸ. ಎರಡು ದಿನ ತೆಗೆದುಕೊಂಡು ಮಾಡಿದ ಬೂದು ಬೆಕ್ಕಿಗಿಂತ ಆ ಹತ್ತು ನಿಮಿಷದ ಬಾಲ ಅವಳಿಗೆ ಎಷ್ಟೋ ಪಾಲು ಹೆಚ್ಚಿನದಾಗಿರುತ್ತಿತ್ತು.

ಮುಂದಿನ ವರ್ಷ ಅದನ್ನೇ ಮಾಡಿಕೊಟ್ಟೆ. ನೀಲಿಯನ್ನು ಸರಿಯಾಗಿ ತರುವುದೂ ಒಂದು ಪಾಠವೇ ಆಯಿತು. ಬೆಣ್ಣೆಗೆ ಸಹಜವಾದ ಹಳದಿ ಇರುವುದರಿಂದ ಅದಕ್ಕೆ ನೀಲಿ ಬೆರೆಸಿದರೆ ಬಣ್ಣ ಹಸಿರಿನ ಕಡೆಗೆ ವಾಲುತ್ತದೆ. ಬೆಣ್ಣೆಯನ್ನು ಬೆಳ್ಳಗಾಗುವವರೆಗೆ ಚೆನ್ನಾಗಿ ಗೊಟಾಯಿಸಿ, ಮೊದಲು ಸೂಜಿಮೊನೆಯಷ್ಟು ನೇರಳೆ ಬಣ್ಣ ಹಾಕಿ ಆ ಹಳದಿಯನ್ನು ಅಡಗಿಸಿದ ಮೇಲೆ ನೀಲಿ ಹಾಕಬೇಕು. ಹಾಕಿದ ಕೂಡಲೆ ಕಾಣುವ ಬಣ್ಣವನ್ನೂ ನಂಬಬಾರದು. ಜೆಲ್ ಬಣ್ಣಗಳು, ಅದರಲ್ಲೂ ಗಾಢವಾದವು, ಕೆಲವು ಗಂಟೆಗಳಲ್ಲಿ ಇನ್ನಷ್ಟು ಕಡುವಾಗುತ್ತವೆ. ಸಾಲದೆಂದು ಸುರಿಯುತ್ತ ಹೋದರೆ ಮರುದಿನ ಕಹಿಯೂ ಬರುತ್ತದೆ, ತಿಂದವರ ನಾಲಿಗೆಯೂ ನೀಲಿಯಾಗುತ್ತದೆ. ಹುಡುಗಿಗೆ ಆಗ ಆರು ವರ್ಷ ತುಂಬಿತ್ತು. ಬಾಲದ ತುದಿಯಿಂದ ಬೆರಳಿಟ್ಟು, ಮುಟ್ಟದೆ, ಕೇಕಿನ ಸುತ್ತ ನಡೆದು ಬೆಕ್ಕಿನವರೆಗೆ ಬಂದು ನಿಂತು ನನ್ನ ಕಡೆ ನೋಡಿದಳು. ಈ ಸಲ ಏನನ್ನೂ ಕೇಳಲಿಲ್ಲ.

ಬಾಯಲ್ಲಿ ಕರಗುವುದು, ದಾರಿಯಲ್ಲಿ ಕರಗುವುದು

ಅಲಂಕಾರದ ಕೇಕ್ ಮಾಡುವವರೆಲ್ಲ ಒಂದಲ್ಲ ಒಂದು ದಿನ ಫಾಂಡೆಂಟ್ ಮತ್ತು ಬಟರ್‌ಕ್ರೀಮ್‌ಗಳ ನಡುವೆ ನಿಂತು ಯೋಚಿಸಬೇಕಾಗುತ್ತದೆ. ಇದು ಬರಿಯ ಅಭಿರುಚಿಯ ವಿಷಯವಲ್ಲ, ವಸ್ತುವಿನ ಗುಣದ ವಿಷಯ. ಬೆಣ್ಣೆ 18ರಿಂದ 20 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಗಾಳಿಯನ್ನು ಹಿಡಿದಿಟ್ಟುಕೊಳ್ಳುವಷ್ಟು ಮೆದುವಾಗಿರುತ್ತದೆ, 32ರಿಂದ 35 ಡಿಗ್ರಿಯ ಹೊತ್ತಿಗೆ ಪೂರ್ತಿ ಕರಗಿಬಿಡುತ್ತದೆ. ನಮ್ಮ ಬಾಯಿಯ ಶಾಖ ಸುಮಾರು 37 ಡಿಗ್ರಿ. ಬಟರ್‌ಕ್ರೀಮ್ ನಾಲಿಗೆಯ ಮೇಲೆ ಕೂತ ಕ್ಷಣವೇ ಕರಗಿ, ತನ್ನೊಳಗಿನ ಪರಿಮಳವನ್ನೆಲ್ಲ ಬಿಟ್ಟುಕೊಡುವುದು ಇದರಿಂದಲೇ. ಸೆಕೆಯ ದಿನ ಕಾರಿನಲ್ಲಿ ಕೇಕಿನ ಬದಿಯಿಂದ ಜಾರಿ ಬೀಳುವುದೂ ಇದರಿಂದಲೇ. ಒಂದನ್ನು ಬಯಸಿದವರು ಇನ್ನೊಂದಕ್ಕೆ ಸಿದ್ಧರಾಗಿರಬೇಕು. ಫಾಂಡೆಂಟ್ ಎಂದರೆ ಸಕ್ಕರೆ, ಗ್ಲೂಕೋಸ್ ಪಾಕ, ಜೆಲಟಿನ್ ಮತ್ತು ಒಣಗದಂತೆ ತೇವವನ್ನು ಹಿಡಿದಿಡುವ ಗ್ಲಿಸರಿನ್. ಅದರಲ್ಲಿ ಕರಗುವ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಅದು ದಾರಿಯಲ್ಲಿ ಕರಗುವುದಿಲ್ಲ, ಗೆರೆ ಕೆಡುವುದಿಲ್ಲ, ಫೋಟೊದಲ್ಲಿ ಪಿಂಗಾಣಿಯಂತೆ ನಯವಾಗಿ ಕಾಣುತ್ತದೆ; ಅದೇ ಕಾರಣಕ್ಕೆ ಬಾಯಿಯಲ್ಲೂ ಕರಗುವುದಿಲ್ಲ. ಗೆಳತಿಯ ಮನೆಯ ತಟ್ಟೆಗಳು ನನಗೆ ಹೇಳಿದ್ದು ಇದನ್ನೇ.

ಬೆಣ್ಣೆಯನ್ನು ನಂಬಿ ಕೆಟ್ಟ ದಿನವೂ ಇದೆ. ಒಂದು ಗಂಟೆಯ ದಾರಿ, ಸುಡು ಮಧ್ಯಾಹ್ನ, ಕೇಕನ್ನು ಕಾರಿನ ಸೀಟಿನ ಮೇಲಿಟ್ಟಿದ್ದೆ. ಸೀಟು ಹಿಂದಕ್ಕೆ ಇಳಿಜಾರಾಗಿರುತ್ತದೆ ಎಂಬಷ್ಟೂ ಆಗ ಗಮನಿಸಿರಲಿಲ್ಲ. ತಲುಪುವಷ್ಟರಲ್ಲಿ ಮೇಲಿನ ಪದರ ಎರಡು ಬೆರಳಗಲ ಸರಿದು, ಒಂದು ಬದಿಯ ಕ್ರೀಮು ಪೆಟ್ಟಿಗೆಯ ಗೋಡೆಗೆ ಒರಗಿತ್ತು. ಆತಿಥೇಯರ ಅಡುಗೆಮನೆಯಲ್ಲಿ ಎಲ್ಲವನ್ನೂ ಕೆರೆದು, ಕೇಕನ್ನು ಫ್ರಿಜ್ಜಿನಲ್ಲಿ ಬಿಗಿಗೊಳಿಸಿ, ಅದೇ ಕ್ರೀಮನ್ನು ತಣ್ಣಗೆ ಮಾಡಿ ಮತ್ತೆ ಬಳಿದೆ. ಅಲಂಕಾರ ಹೋಯಿತು, ಕೇಕ್ ಉಳಿಯಿತು. ಅಂದಿನಿಂದ ಕೇಕ್ ಹಿಂದಿನ ರಾತ್ರಿಯಿಡೀ ತಣ್ಣಗಾಗಿರಬೇಕು, ಕಾರಿನ ಸಮತಟ್ಟಾದ ನೆಲದ ಮೇಲೆ ಜಾರದ ಹಾಸಿನಲ್ಲಿ ಕೂರಬೇಕು, ಅಂತಸ್ತುಗಳಿದ್ದರೆ ಪ್ರತಿಯೊಂದರ ಕೆಳಗೂ ಗಟ್ಟಿ ಹಲಗೆ, ಆ ಹಲಗೆಯ ಕೆಳಗೆ ಕೇಕಿನೊಳಗೆ ಇಳಿಸಿದ ಡೌಲ್ ಕಡ್ಡಿಗಳು ಇರಬೇಕು. ಮೇಲಿನ ಕೇಕ್ ಕೆಳಗಿನ ಕೇಕಿನ ಮೇಲೆ ನಿಂತಂತೆ ಕಂಡರೂ ಭಾರವನ್ನೆಲ್ಲ ಹೊರುವುದು ಆ ಕಡ್ಡಿಗಳೇ. ಮೊಟ್ಟೆಯ ಬಿಳಿಯನ್ನೂ ಸಕ್ಕರೆಯನ್ನೂ ಒಟ್ಟಿಗೆ 71 ಡಿಗ್ರಿಯವರೆಗೆ ಬಿಸಿಮಾಡಿ, ನೊರೆ ಬರಿಸಿ, ಆಮೇಲೆ ಬೆಣ್ಣೆ ಸೇರಿಸುವ ಸ್ವಿಸ್ ಮೆರಾಂಗ್ ಬಟರ್‌ಕ್ರೀಮನ್ನು ಈಗ ಹೆಚ್ಚಾಗಿ ಮಾಡುತ್ತೇನೆ. ಅದರ ಸಿಹಿ ಮಿತವಾಗಿರುತ್ತದೆ, ಬದಿ ರೇಷ್ಮೆಯಂತೆ ನಯವಾಗಿ ಬರುತ್ತದೆ. ತುಂಬ ದೂರ ಹೋಗಬೇಕಾದ ಕೇಕಿಗೆ, ಎರಡು ಪಾಲು ಕಪ್ಪು ಚಾಕೊಲೇಟಿಗೆ ಒಂದು ಪಾಲು ಕೆನೆ ಹಾಕಿದ ಗಟ್ಟಿ ಗನಾಶ್ ಬಳಿಯುತ್ತೇನೆ. ಫಾಂಡೆಂಟನ್ನು ಪೂರ್ತಿ ಬಿಟ್ಟಿಲ್ಲ. ಹೊದಿಕೆಯಾಗಿ ಬಿಟ್ಟಿದ್ದೇನೆ, ಚಿಕ್ಕ ಗೊಂಬೆಗಳಿಗೆ ಉಳಿಸಿಕೊಂಡಿದ್ದೇನೆ.

ಕೇಕಿನ ಒಳಭಾಗದ ಬಗ್ಗೆ ನಾವು ಅಲಂಕಾರಪ್ರಿಯರು ಯೋಚಿಸುವುದು ಕಡಿಮೆ. ಬೆಣ್ಣೆ ಹಾಕಿದ ಕೇಕ್ ಫ್ರಿಜ್ಜಿನಿಂದ ಹೊರಬಂದಾಗ ಗಟ್ಟಿಯಾಗಿ, ಒಣಗಿದಂತೆ ತಿನ್ನಿಸಿಕೊಳ್ಳುತ್ತದೆ. ಎಣ್ಣೆ ತಣ್ಣಗಿದ್ದರೂ ದ್ರವವಾಗಿಯೇ ಇರುವುದರಿಂದ ಎಣ್ಣೆ ಹಾಕಿದ ಕೇಕ್ ಮೆದುವಾಗಿಯೇ ಉಳಿಯುತ್ತದೆ. ಎಣ್ಣೆ ಹಾಕಿ ಮಾಡುವ ಶಿಫಾನ್ ಎಂಬ ಹಗುರ ಕೇಕಿನ ಗುಟ್ಟು ಇಷ್ಟೇ ಆಗಿತ್ತು. ಲಾಸ್ ಏಂಜಲೀಸಿನಲ್ಲಿ ವಿಮೆ ಮಾರುತ್ತಿದ್ದು ಆಮೇಲೆ ಕೇಕ್ ಮಾಡುವ ಕೆಲಸಕ್ಕಿಳಿದ ಹ್ಯಾರಿ ಬೇಕರ್ ಎಂಬಾತ 1927ರಲ್ಲಿ ಅದನ್ನು ಕಂಡುಕೊಂಡು, ಇಪ್ಪತ್ತು ವರ್ಷ ಯಾರಿಗೂ ಹೇಳದೆ ಕಾಪಾಡಿಕೊಂಡು, 1947ರಲ್ಲಿ ಜನರಲ್ ಮಿಲ್ಸ್ ಕಂಪನಿಗೆ ಮಾರಿದ. ತಣ್ಣಗಿರಬೇಕಾದ ಅಲಂಕಾರದ ಒಳಗೆ ಎಣ್ಣೆಯ ಕೇಕನ್ನೇ ಇಡುವುದು ಇಂದು ಮನೆಯಲ್ಲಿ ಮಾಡುವವರಿಗೂ ಗೊತ್ತಿರುವ ಮಾತು. ಆದರೆ ಗೆಳತಿಯ ಕೇಕಿಗೆ ನಾನು ಬಳಸಿದ್ದು ಬೆಣ್ಣೆಯದನ್ನು. ಗುಲಾಬಿಗಳ ಭಾರ ಹೊರಲು ಗಟ್ಟಿ ಕೇಕ್ ಬೇಕಿತ್ತು, ಅದಕ್ಕೆ. ತಿನ್ನುವವರ ಬಾಯಿಗಿಂತ ಮೊದಲು ಹೂವಿನ ಯೋಗಕ್ಷೇಮ ನೋಡಿದ್ದೆ.

ಏನನ್ನೂ ಕೇಳದೆ ತಿನ್ನುವವರು

ಅಂಗಡಿಯಲ್ಲಿ ಕೊಂಡ ತಿಂಡಿಯ ಪೊಟ್ಟಣವನ್ನು ಜನ ತಿರುಗಿಸಿ ನೋಡುತ್ತಾರೆ, ಅದರಲ್ಲಿ ಏನಿದೆಯೆಂದು ಓದುತ್ತಾರೆ. ಮನೆಯವರೊಬ್ಬರು ಮಾಡಿದ ಕೇಕಿನ ಮೇಲೆ ಅಂಥ ಯಾವ ಚೀಟಿಯೂ ಇರುವುದಿಲ್ಲ, ಕೇಳಿದರೆ ತಪ್ಪಾದೀತೆಂದು ಯಾರೂ ಕೇಳುವುದೂ ಇಲ್ಲ. "ನಮ್ಮವಳೇ ಮಾಡಿದ್ದು" ಎಂಬ ಒಂದು ಮಾತಿನ ಮೇಲೆ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ತಿನ್ನುತ್ತಾರೆ. ಈ ನಂಬಿಕೆಯ ಭಾರ ನನಗೆ ಅರ್ಥವಾದದ್ದು ತಡವಾಗಿ.

ಮೊದಲು ಕಲಿತದ್ದು ಹೂವಿನ ಬಗ್ಗೆಯೇ. ಸಕ್ಕರೆ ಹೂವು ಬೇಡವೆಂದು ನಿಜವಾದ ಹೂಗಳನ್ನು ಇಡಲು ಹೊರಟವಳಿಗೆ, ಚೆಲುವಾದ ಎಷ್ಟೋ ಹೂಗಳು ವಿಷವೆಂದು ಗೊತ್ತಾಯಿತು: ಕಣಗಿಲೆ, ಹೈಡ್ರೇಂಜಿಯ, ಲಿಲಿ ಆಫ್ ದ ವ್ಯಾಲಿ. ತಿನ್ನದಿದ್ದರಾಯಿತು ಎಂದು ಅವುಗಳನ್ನು ಕ್ರೀಮಿಗೆ ತಾಗಿಸಿ ಇಡುವುದು ಸರಿಯಲ್ಲ. ಸಕ್ಕರೆ ಹೂವಿನ ತಂತಿಯನ್ನೂ ನೇರವಾಗಿ ಕೇಕಿಗೆ ಚುಚ್ಚಬಾರದು. ಇನ್ನು ಹೊಳಪಿನ ಪುಡಿಗಳ ವಿಷಯದಲ್ಲಿ ಎರಡು ಪದಗಳ ನಡುವಿನ ವ್ಯತ್ಯಾಸ ತಿಳಿದಿರಬೇಕು. 'ವಿಷರಹಿತ' ಎಂದರೆ 'ತಿನ್ನಬಹುದಾದದ್ದು' ಎಂದಲ್ಲ. 2018ರಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ ಹುಟ್ಟುಹಬ್ಬದ ಕೇಕ್ ತಿಂದ ಆರು ಮಕ್ಕಳು ವಾಂತಿ ಭೇದಿಯಿಂದ ನರಳಿದರು. ಕೇಕಿನ ಮೇಲಿದ್ದ ಮಿನುಗುಪುಡಿಯಲ್ಲಿ ತಾಮ್ರದ ಪುಡಿ ಬೆರೆತಿದ್ದದ್ದು ತಪಾಸಣೆಯಲ್ಲಿ ಹೊರಬಂತು. ಅದನ್ನು ಓದಿದ ದಿನ ನನ್ನ ಡಬ್ಬಿಯಲ್ಲಿದ್ದ ಪುಡಿಗಳ ಪುಟ್ಟ ಸೀಸೆಗಳನ್ನೆಲ್ಲ ಮೇಜಿನ ಮೇಲೆ ಸುರಿದು, ಒಂದೊಂದರ ಚೀಟಿಯನ್ನೂ ಓದಿದೆ. ಪದಾರ್ಥಗಳ ಪಟ್ಟಿಯೇ ಇಲ್ಲದ ನಾಲ್ಕನ್ನು ಎಸೆದೆ. ಅವುಗಳಲ್ಲಿ ಒಂದನ್ನು ಅಣ್ಣನ ಮಗಳ ಬೆಕ್ಕಿನ ಕೊರಳಪಟ್ಟಿಗೆ ಬಳಿದಿದ್ದೆ ಎಂದು ನೆನಪಾದಾಗ ಆದ ಸಂಕಟವನ್ನು ಬರೆದು ತಿಳಿಸಲಾರೆ. ಅವಳಿಗೆ ಏನೂ ಆಗಿರಲಿಲ್ಲ. ಆದರೂ ನಾನು ನೋಡದೆ ಬಳಿದಿದ್ದೆ, ಅವಳು ಕೇಳದೆ ತಿಂದಿದ್ದಳು.

ಮಾಂಸಾಹಾರವನ್ನು ಮುಟ್ಟದವರಿಗೆ ಕೊಡುವಾಗ ಜೆಲಟಿನ್ ಪ್ರಾಣಿಗಳ ಮೂಳೆ ಚರ್ಮಗಳಿಂದ ಬರುತ್ತದೆಂಬುದನ್ನು, ಕಾರ್ಮೈನ್ ಎಂಬ ಕೆಂಪು ಬಣ್ಣ ಕೀಟದಿಂದ ಬರುತ್ತದೆಂಬುದನ್ನು ಮರೆಯಬಾರದು. ಇಂಥವನ್ನೆಲ್ಲ ಕೇಳಿ ತಿಳಿದುಕೊಳ್ಳುವುದನ್ನು ನಾನು ಮೊದಮೊದಲು ಒಂದು ತೊಡಕೆಂದು ಭಾವಿಸುತ್ತಿದ್ದೆ. ಆ ಭಾವನೆಯನ್ನು ಬದಲಿಸಿದವನು ಮೊಟ್ಟೆಯ ಅಲರ್ಜಿ ಇದ್ದ, ಪರಿಚಿತರ ಮನೆಯ ಒಂಬತ್ತು ವರ್ಷದ ಹುಡುಗ. ಯಾರ ಹುಟ್ಟುಹಬ್ಬಕ್ಕೆ ಬಂದರೂ ಅವನ ಕೈಯಲ್ಲಿ ಒಂದು ಪುಟ್ಟ ಡಬ್ಬಿ ಇರುತ್ತಿತ್ತು. ಉಳಿದ ಮಕ್ಕಳು ಕೇಕ್ ತಿನ್ನುವಾಗ ಅವನು ಡಬ್ಬಿ ತೆರೆದು ತನ್ನ ಬಿಸ್ಕತ್ತು ತಿನ್ನುತ್ತಿದ್ದ. ಅವನ ಹುಟ್ಟುಹಬ್ಬಕ್ಕೆ ಯಾವ ಆಕಾರದ ಕೇಕ್ ಬೇಕೆಂದು ಕೇಳಿದೆ. ಅವನು ಆಕಾರವನ್ನೇ ಹೇಳಲಿಲ್ಲ. "ಎಲ್ಲರೂ ತಿನ್ನೋದನ್ನೇ ನಾನೂ ತಿನ್ನಬೇಕು ಆಂಟಿ, ಅಷ್ಟೇ," ಎಂದ.

ಮೊಟ್ಟೆಯಿಲ್ಲದೆ ಕೇಕ್ ಎತ್ತರಕ್ಕೆ ಏರುವುದು ಕಷ್ಟ. ಓವನ್ನಿನ ಶಾಖಕ್ಕೆ ಮೊಟ್ಟೆಯ ಪ್ರೋಟೀನು ಬಲೆಯಂತೆ ಹೆಪ್ಪುಗಟ್ಟಿ, ಉಬ್ಬಿದ ಗುಳ್ಳೆಗಳನ್ನು ಹಿಡಿದು ನಿಲ್ಲಿಸುತ್ತದೆ. ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್ ನೀರನ್ನೂ ಕೊಬ್ಬನ್ನೂ ಬೇರಾಗದಂತೆ ಕೂಡಿಸಿಡುತ್ತದೆ. ನನ್ನ ಮೊದಲ ಎರಡು ಪ್ರಯತ್ನಗಳು ನಡುವೆ ಕುಸಿದು ಬಟ್ಟಲಿನಂತಾದವು. ಮೊಸರಿನ ಹುಳಿಗೂ ಅಡುಗೆ ಸೋಡಕ್ಕೂ ಭೇಟಿಯಾದ ಕ್ಷಣದಿಂದಲೇ ಅನಿಲ ಹೊರಡುತ್ತದೆ, ಹಿಟ್ಟನ್ನು ತಡಮಾಡದೆ ಓವನ್ನಿಗೆ ಸೇರಿಸಬೇಕು. ಎತ್ತರದ ಒಂದೇ ಟಿನ್ನಿನ ಬದಲು ತೆಳುವಾದ ಮೂರು ಟಿನ್ನುಗಳಲ್ಲಿ ಬೇಯಿಸಿ ಪೇರಿಸಬೇಕು. ಮೂರನೆಯ ಸಲ ಹೀಗೆ ಮಾಡಿದಾಗ ಸರಿಹೋಯಿತು. ಆ ದಿನಗಳಲ್ಲೇ ಆಲ್ಫ್ರೆಡ್ ಬರ್ಡ್‌ನ ಕಥೆ ನನಗೆ ಹತ್ತಿರವಾದದ್ದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಈ ರಸಾಯನಶಾಸ್ತ್ರಜ್ಞನ ಹೆಂಡತಿಗೆ ಮೊಟ್ಟೆಯೂ ಆಗುತ್ತಿರಲಿಲ್ಲ, ಯೀಸ್ಟೂ ಆಗುತ್ತಿರಲಿಲ್ಲ. ಅವಳಿಗೆಂದು ಅವನು 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನೂ, 1843ರಲ್ಲಿ ಯೀಸ್ಟಿಲ್ಲದೆ ಹಿಟ್ಟನ್ನು ಉಬ್ಬಿಸುವ ಬೇಕಿಂಗ್ ಪೌಡರನ್ನೂ ರೂಪಿಸಿದ. ಜಗತ್ತಿನ ಅಡುಗೆಮನೆಗಳಲ್ಲಿ ಇಂದು ಇರುವ ಆ ಪುಟ್ಟ ಡಬ್ಬಿ, ಮನೆಯ ಒಬ್ಬಳು ತನ್ನ ಊಟದ ಮೇಜಿನಲ್ಲಿ ಹೊರಗುಳಿಯಬಾರದೆಂದು ಹೊರಟ ಪ್ರಯತ್ನದಿಂದ ಬಂದದ್ದು. ಅಳತೆ ಚಮಚದಲ್ಲಿ ಅದನ್ನು ತೆಗೆಯುವಾಗಲೆಲ್ಲ ನನಗೆ ಆ ಹೆಂಗಸಿನ ನೆನಪಾಗುತ್ತದೆ.

ಹುಡುಗನ ಕೇಕಿಗಾಗಿ ಹಳೆಯ ಬ್ರಷ್ಷುಗಳನ್ನು ಬದಿಗಿಟ್ಟು ಹೊಸತನ್ನು ತಂದೆ; ಕೂದಲುಗಳ ನಡುವೆ ಹಿಂದಿನ ಮೊಟ್ಟೆಯ ಅಂಶ ಉಳಿದಿರಬಹುದೆಂಬ ಅಂಜಿಕೆಯಿತ್ತು. ಬಿಳಿ ಕ್ರೀಮು, ಅದರ ಮೇಲೆ ಅವನ ಹೆಸರು, ಬೇರೆ ಅಲಂಕಾರವೇ ಇರಲಿಲ್ಲ. ನಾನು ಮಾಡಿದ ಕೇಕುಗಳಲ್ಲೆಲ್ಲ ಅದರ ಫೋಟೊ ಅತ್ಯಂತ ಸಪ್ಪೆ. ಅಭ್ಯಾಸಬಲದಿಂದ ಅವನು ಅಂದೂ ಡಬ್ಬಿಯನ್ನು ಕುರ್ಚಿಯ ಪಕ್ಕದಲ್ಲಿಟ್ಟುಕೊಂಡಿದ್ದ. ಅದನ್ನು ತೆರೆಯಲಿಲ್ಲ.

ಸರಪಳಿ ಹೊಲಿಗೆ

ಇಷ್ಟೆಲ್ಲ ಹೇಳಿದ ಮೇಲೆ ಅಲಂಕಾರವೇ ಬೇಡವೆನ್ನುವವಳು ನಾನೆಂದು ಯಾರಾದರೂ ತಿಳಿದರೆ ಅದು ನಿಜವಲ್ಲ. ಅಲಂಕಾರ ಮಾಡುವ ಆ ಗಂಟೆಗಳು ನನಗೆ ಬಹಳ ಪ್ರಿಯ. ಯಾವುದನ್ನು, ಯಾರಿಗೆ ಎಂಬ ಯೋಚನೆ ಮೊದಲು ಬರಬೇಕೆನ್ನುವುದಷ್ಟೇ ನನ್ನ ಮಾತು. ದೊಡ್ಡಮ್ಮನ ಎಪ್ಪತ್ತನೆಯ ಹುಟ್ಟುಹಬ್ಬ ಬಂದಾಗ ಹಾಗೆ ಯೋಚಿಸಿದೆ. ನಮ್ಮ ಮನೆತನದ ಮಕ್ಕಳೆಲ್ಲರ ಬಟ್ಟೆಗಳೂ ಒಂದು ಕಾಲಕ್ಕೆ ದೊಡ್ಡಮ್ಮನ ಕೈಯಿಂದಲೇ ಬರುತ್ತಿದ್ದವು. ಯಂತ್ರದಲ್ಲಿ ಹೊಲಿದರೂ ಅಂಚಿಗೆ ಮಾತ್ರ ಕೈಯಲ್ಲೇ ಸರಪಳಿ ಹೊಲಿಗೆ ಹಾಕುತ್ತಿದ್ದರು, ಯಾರ ಬಟ್ಟೆಗೆ ಯಾವ ಬಣ್ಣದ ದಾರವೆಂದು ನೆನಪಿಟ್ಟುಕೊಂಡಿದ್ದರು. ನನ್ನದು ಹಸಿರು. ಈಗ ಅವರ ಕಣ್ಣು ಸೂಜಿಗೆ ದಾರ ಪೋಣಿಸುವಷ್ಟು ನಿಚ್ಚಳವಾಗಿಲ್ಲ.

ಹೊಲಿಗೆ ಯಂತ್ರ, ದಾರದ ಉಂಡೆ, ಅಳತೆಪಟ್ಟಿ, ಗುಂಡಿಗಳು, ಇವನ್ನೆಲ್ಲ ಫಾಂಡೆಂಟಿನಲ್ಲಿ ತಿದ್ದಿ ಕೇಕಿನ ಮೇಲೆ ಜೋಡಿಸುವುದು ನನ್ನ ಮೊದಲ ಯೋಜನೆಯಾಗಿತ್ತು. ಹಾಳೆಯ ಮೇಲೆ ಬರೆದೂ ಆಗಿತ್ತು. ಆಮೇಲೆ ತಟ್ಟೆಯಂಚಿನಲ್ಲಿ ಕೂತ ಫಾಂಡೆಂಟಿನ ಪುಟ್ಟ ಹೊಲಿಗೆ ಯಂತ್ರ ಕಣ್ಣ ಮುಂದೆ ಬಂತು. ದೊಡ್ಡಮ್ಮನಿಗೆ ದಪ್ಪ ಕ್ರೀಮ್ ಹಿಡಿಸುವುದಿಲ್ಲ, ಕಾಫಿ ಎಂದರೆ ಪ್ರಾಣ. ಹಾಗಾಗಿ ಎಣ್ಣೆಯ ಕೇಕಿನ ಪದರಗಳಿಗೆ ಗಟ್ಟಿ ಕಾಫಿಯ ಪಾಕವನ್ನು ಸವರಿ, ಹೊರಗೆ ತೆಳ್ಳಗೆ ಕೆನೆಬಣ್ಣದ ಬಟರ್‌ಕ್ರೀಮ್ ಬಳಿದೆ. ಪುಡಿಸಕ್ಕರೆ ಹೆಚ್ಚಿರುವ ಬಟರ್‌ಕ್ರೀಮಿನ ಮೇಲ್ಮೈ ಸ್ವಲ್ಪ ಹೊತ್ತಿನಲ್ಲಿ ಒಣಗಿ ತೆಳುವಾದ ಪೊರೆ ಕಟ್ಟುತ್ತದೆ. ಆಗ ನೇಯ್ಗೆಯ ಗುರುತಿರುವ ಶುದ್ಧವಾದ ಪೇಪರ್ ಟವೆಲನ್ನು ಅದರ ಮೇಲಿಟ್ಟು ಅಂಗೈಯಿಂದ ಮೆಲ್ಲಗೆ ಒತ್ತಿದರೆ ಬಟ್ಟೆಯ ನೂಲುನೂಲಾದ ಅಚ್ಚು ಮೂಡುತ್ತದೆ. ಕೇಕಿನ ಮೇಲಂಚಿಗೆ ಸಣ್ಣ ಗುಂಡುಬಾಯಿಯ ನಾಜಲಿನಿಂದ ಹಸಿರು ಬಣ್ಣದ ಸರಪಳಿ ಹೊಲಿಗೆ. 8 ಇಂಚಿನ ಕೇಕಿಗೆ 64 ಸೆಂಟಿಮೀಟರ್ ಸುತ್ತಳತೆ, ಕುಣಿಕೆಯೊಂದಕ್ಕೆ 8 ಮಿಲಿಮೀಟರ್, ಒಟ್ಟು 80 ಕುಣಿಕೆಗಳು. ಅಂಗೈಯ ಬಿಸಿಗೆ ಬ್ಯಾಗಿನೊಳಗಿನ ಕ್ರೀಮು ಸಡಿಲವಾಗುವುದರಿಂದ ಎರಡು ಬ್ಯಾಗುಗಳನ್ನು ಇಟ್ಟುಕೊಂಡು, ಒಂದನ್ನು ತಣ್ಣಗೆ ಮಾಡುತ್ತ ಇನ್ನೊಂದರಲ್ಲಿ ಕೆಲಸ ಮಾಡಿದೆ. ಅದಕ್ಕೂ ಮುನ್ನ ಎರಡು ಸಂಜೆ ಬಟರ್ ಪೇಪರಿನ ಮೇಲೆ ಕುಣಿಕೆ ಹಾಕಿ ಅಳಿಸಿ ಕೈ ಪಳಗಿಸಿಕೊಂಡಿದ್ದೆ. ಹಿಂದಿನ ಕುಣಿಕೆಯ ಬಾಯಿಯೊಳಗಿಂದಲೇ ಮುಂದಿನದು ಹುಟ್ಟಬೇಕು, ಇಲ್ಲದಿದ್ದರೆ ಅದು ಹೊಲಿಗೆಯಂತೆ ಕಾಣದೆ ಬರಿಯ ಚುಕ್ಕೆಗಳ ಸಾಲಿನಂತೆ ಕಾಣುತ್ತದೆ.

ದೊಡ್ಡಮ್ಮ ಕನ್ನಡಕವನ್ನು ಸರಿಮಾಡಿಕೊಂಡು ಕೇಕಿನ ಮೇಲೆ ಬಾಗಿದರು. ಹೊಗಳುತ್ತಾರೆಂದು ಎಲ್ಲರೂ ಕಾಯುತ್ತಿದ್ದರು. ಅವರು ಮಾತಾಡದೆ ಅಂಚಿನುದ್ದಕ್ಕೂ ನೋಡುತ್ತ ಹೋಗಿ, ಒಂದು ಕಡೆ ನಿಂತರು.

"ಇಲ್ಲಿ ದಾರ ಬಿಗಿ ಎಳೆದುಬಿಟ್ಟಿದ್ದೀಯ ಕಣೇ. ಬಟ್ಟೆ ಸುಕ್ಕು ಬರುತ್ತೆ."

ಸುಮಾರು ಐವತ್ತನೆಯ ಕುಣಿಕೆಯ ಹತ್ತಿರ ಬ್ಯಾಗು ಬದಲಿಸಿದ್ದೆ. ಅಲ್ಲಿ ಎರಡು ಕುಣಿಕೆಗಳು ಉಳಿದವಕ್ಕಿಂತ ಚಿಕ್ಕದಾಗಿದ್ದವು. ಬೇರೆ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ನನಗೆ ಅಷ್ಟೊಂದು ಸಂತೋಷ ಯಾವ ಹೊಗಳಿಕೆಯಿಂದಲೂ ಆದದ್ದಿಲ್ಲ. ಅವರು ಅದನ್ನು ಕೇಕಿನ ಅಲಂಕಾರವೆಂದು ನೋಡಲೇ ಇಲ್ಲ, ಹೊಲಿಗೆಯೆಂದು ನೋಡಿದರು. ಎಷ್ಟೋ ವರ್ಷಗಳ ಮೇಲೆ ನನ್ನ ಲಂಗದ ಅಂಚನ್ನು ಬೆಳಕಿಗೆ ಹಿಡಿದು ನೋಡುವ ಹಳೆಯ ದೊಡ್ಡಮ್ಮ ಆ ಒಂದು ನಿಮಿಷ ಮರಳಿ ಬಂದಿದ್ದರು. ಚಾಕು ಕೈಗೆ ಕೊಟ್ಟಾಗ, "ತಪ್ಪಿದ ಹೊಲಿಗೆಯನ್ನ ಮೊದಲು ಬಿಚ್ಚಬೇಕು," ಎಂದು ಸರಿಯಾಗಿ ಅಲ್ಲಿಂದಲೇ ಕತ್ತರಿಸಿ, ಆ ತುಂಡನ್ನು ತಾವೇ ತಿಂದರು. ಅಂದು ತಟ್ಟೆಗಳನ್ನು ತೊಳೆದವಳೂ ನಾನೇ. ಅಂಚುಗಳಲ್ಲಿ ಹಸಿರು ಉಳಿದಿರಲಿಲ್ಲ.

ಗಾಜಿನ ಸೀಸೆ

ಕಳೆದ ತಿಂಗಳು ಆ ಗೆಳತಿಯ ಮನೆಗೆ ಹೋಗಿದ್ದೆ. ಪುಸ್ತಕದ ಕಪಾಟಿನಲ್ಲಿ ಮುಚ್ಚಳವಿರುವ ಪುಟ್ಟ ಗಾಜಿನ ಸೀಸೆಯೊಂದರೊಳಗೆ ನನ್ನ ಗುಲಾಬಿಯೊಂದು ಕೂತಿತ್ತು. ತೇವ ತಾಗದಿದ್ದರೆ ಸಕ್ಕರೆ ಹೂವು ವರ್ಷಗಟ್ಟಲೆ ಉಳಿಯುತ್ತದೆ. ಬೆಳಕಿಗೆ ಬಣ್ಣ ಮಾತ್ರ ಮಾಸಿ, ನಸುಗೆಂಪು ಹೋಗಿ ದಂತದ ಬಣ್ಣಕ್ಕೆ ತಿರುಗಿತ್ತು. ಅವಳು ಅದನ್ನು ಅಂದೇ ಎತ್ತಿಟ್ಟುಕೊಂಡಿದ್ದಳಂತೆ, ನನಗೆ ಹೇಳಿರಲಿಲ್ಲ. 42ರಲ್ಲಿ ಒಂದಾದರೂ ಹೀಗೆ ಉಳಿದುಕೊಂಡಿದೆಯೆಂದು ನನ್ನ ಗಂಟಲು ಕಟ್ಟಿತು. ಆ ಹೂಗಳನ್ನು ಇಷ್ಟು ಕಾಲ ಪೂರ್ತಿ ವ್ಯರ್ಥವೆಂದು ಎಣಿಸಿದ್ದು ಸರಿಯಲ್ಲವೆಂದೂ ಅನ್ನಿಸಿತು.

ಸೀಸೆಯನ್ನು ಕೈಯಲ್ಲಿ ತಿರುಗಿಸುತ್ತ ಅವಳೇ ಕೇಳಿದಳು, "ಅಲ್ವೇ, ಹೂವು ಚೆನ್ನಾಗಿ ನೆನಪಿದೆ. ಒಳಗೆ ಯಾವ ಕೇಕಿತ್ತೇ ಅದು? ಎಷ್ಟು ನೆನಪಿಸಿಕೊಂಡರೂ ಬರ್ತಿಲ್ಲ." ನನಗೂ ಥಟ್ಟನೆ ಹೇಳಲಾಗಲಿಲ್ಲ. ಮನೆಗೆ ಬಂದು ಕೇಕಿನ ಟಿಪ್ಪಣಿ ಪುಸ್ತಕ ತೆಗೆದು ನೋಡಿದೆ. ಎಸಳಿನ ಅಳತೆ, ಬಣ್ಣದ ಹನಿಗಳ ಲೆಕ್ಕ, ಒಣಗಿಸುವ ಅವಧಿ ಎಂದು ಗುಲಾಬಿಗಳ ಬಗ್ಗೆ ನಾಲ್ಕು ಪುಟಗಳಿದ್ದವು. ಕೇಕಿನ ಬಗ್ಗೆ ಕೊನೆಯ ಪುಟದ ಬುಡದಲ್ಲಿ ಒಂದು ಸಾಲು: 'ವೆನಿಲಾ, ಗಟ್ಟಿಯಾಗಿರಲಿ.'

ಅವಳಿಗೆ ಫೋನ್ ಮಾಡಿ, ಈ ವರ್ಷ ನಿನಗೆ ಯಾವ ರುಚಿ ಬೇಕು ಎಂದು ಕೇಳಿದೆ. ಇಷ್ಟು ವರ್ಷಗಳ ಸ್ನೇಹದಲ್ಲಿ ಅದೇ ಮೊದಲ ಸಲ ಕೇಳಿದ್ದು. ಒಂದು ಕ್ಷಣವೂ ಯೋಚಿಸದೆ ಹೇಳಿದಳು. ಹೊಸ ಪುಟ ತಿರುಗಿಸಿ, ಎಲ್ಲಕ್ಕೂ ಮೇಲೆ, ಅವಳ ಹೆಸರಿನ ಪಕ್ಕದಲ್ಲಿ ಬರೆದುಕೊಂಡೆ: 'ನಿಂಬೆ. ಹುಳಿ ತುಸು ಮುಂದಾಗಿಯೇ ಇರಲಿ.'